ಎದಿ ಓಡುವಾಗಲೇ ಹಿಡಿಯಬೇಕು

ಬಾಗಲಕೋಟೆ ಜಿಲ್ಲೆಯ ರಾಮಥಾಳದ ಕಡೆಯಿಂದ ನನ್ನ ದವಾಖಾನೆಗೆ ಬರುವವರು ಯಾರೂ ‘ಹೃದಯ ಬಡಿತ ಹೆಚ್ಚಾಗಿದೆ’ ಎಂದು ಹೇಳುವುದಿಲ್ಲ. ‘ಎದಿ ಡವಡವ ಅಂತೈತ್ರಿ’ ಎನ್ನುತ್ತಾರೆ. ‘ಜೀವ ಹಾರಿದಂಗ ಆಗತೈತ್ರಿ’ ಎನ್ನುತ್ತಾರೆ. ‘ಎದ್ಯಾಗ ಗುಬ್ಬಿ ಹೊಕ್ಕಂಗ ಪಟಪಟ ಬಡೀತೈತ್ರಿ’ ಎಂದ ಅಜ್ಜಿಯೊಬ್ಬರಿದ್ದರು. ಹುನಗುಂದ, ಇಳಕಲ್, ಅಮೀನಗಡ, ಕೂಡಲಸಂಗಮದ ಸುತ್ತ ಇಪ್ಪತ್ತು ವರ್ಷಕ್ಕೂ ಮೇಲೆ ಈ ಮಾತುಗಳನ್ನು ಕೇಳಿದ್ದೇನೆ. ಇವೆಲ್ಲ ಒಂದೇ ಅಲ್ಲ, ಒಂದೊಂದು ಮಾತಿನ ಹಿಂದೆ ಒಂದೊಂದು ರೋಗ ಇರಬಹುದು ಎಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು.

ಸುಮ್ಮನೆ ಕೂತ ವಯಸ್ಕರ ಹೃದಯ ನಿಮಿಷಕ್ಕೆ 60ರಿಂದ 100 ಸಲ ಬಡಿಯುತ್ತದೆ. ನೂರು ದಾಟಿದರೆ ವೇಗ ಎನ್ನುತ್ತೇವೆ. ಯಾಕೆ ದಾಟಿತು ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. ಹಳ್ಳಿಯ ಕಡೆ ಹೊಸದಾಗಿ ಕೆಲಸಕ್ಕೆ ಬಂದ ವೈದ್ಯರಿಗೆ, ನರ್ಸುಗಳಿಗೆ, ಈ ವೇಗದ ಬಡಿತವನ್ನು ಅನುಭವಿಸುತ್ತಲೇ ಉತ್ತರ ಸಿಗದೆ ಅಲೆಯುತ್ತಿರುವವರಿಗೆ ನನ್ನ ಕೈಗೆ ಹತ್ತಿದ್ದನ್ನು ಹೇಳುತ್ತೇನೆ.

1. ಶುರುವಾದದ್ದು ಹೇಗೆ, ನಿಂತದ್ದು ಹೇಗೆ ಎಂದು ಕೇಳಿ

ಇಳಕಲ್‌ನ ಒಬ್ಬ ನೇಕಾರ ಹೆಣ್ಣುಮಗಳು. ಮೂವತ್ತೈದರ ಆಸುಪಾಸಿನ ವಯಸ್ಸು. ಆರು ವರ್ಷಗಳಿಂದ ಎದೆ ಹಾರುತ್ತಿತ್ತು. ಕೈಯಲ್ಲಿ ಒಂದು ಚೀಲ, ಚೀಲದ ತುಂಬ ಚೀಟಿಗಳು. ರಕ್ತಪರೀಕ್ಷೆ, ಎಕೋ, ನಾಲ್ಕು ಇಸಿಜಿ, ಎಲ್ಲವೂ ಸರಿ. ಹೆಚ್ಚು ಚೀಟಿಗಳಲ್ಲಿ ನಿದ್ದೆ ಗುಳಿಗೆ. ಗಂಡ ಪಕ್ಕದಲ್ಲೇ ನಿಂತು, ‘ಮನಿಯಾಗಿನ ಟೆನ್ಷನ್ ರೀ, ಬಾಳ ವಿಚಾರ ಮಾಡ್ತಾಳ’ ಎಂದರು. ಆಕೆ ಏನೂ ಮಾತಾಡಲಿಲ್ಲ.

ನಾನು ಮೇಜಿನ ಕಡೆ ತೋರಿಸಿ, ‘ಅವ್ವಾರ, ಎದಿ ಹೆಂಗ ಬಡೀತೈತಿ, ಇದರ ಮ್ಯಾಲ ಬೆರಳಲೆ ಬಡದು ತೋರಸ್ರಿ’ ಎಂದೆ. ತೋರುಬೆರಳಿನಿಂದ ಬಡಿಯತೊಡಗಿದರು. ಟಕಟಕಟಕಟಕ. ಒಂದೇ ಸಮ, ಒಂದೂ ತಪ್ಪಿಲ್ಲ. ಮಗ್ಗದ ಲಾಳಿಯ ತಾಳದಲ್ಲಿ ಬದುಕಿದ ಕೈ ಅದು. ಗಡಿಯಾರ ನೋಡುತ್ತ ಎಣಿಸಿದೆ, ನಿಮಿಷಕ್ಕೆ 180ರ ಲೆಕ್ಕ. ‘ಹೆಂಗ ಚಾಲೂ ಆಕ್ಕೈತಿ?’ ಎಂದರೆ, ‘ಲೈಟಿನ ಬಟನ್ ಒತ್ತಿದಂಗ ರೀ.’ ‘ಹೆಂಗ ನಿಂದ್ರತೈತಿ?’ ‘ಹಂಗ ಟಕ್ಕನ ರೀ. ಒಮ್ಮೆ ಬಿಕ್ಕಿದಂಗ ಆಗಿ ನಿಂದ್ರತೈತಿ.’ ‘ಕುತ್ತಿಗ್ಯಾಗ ಏನರ ಗೊತ್ತಾಕ್ಕೈತೇನು?’ ಆಕೆ ನನ್ನ ಮುಖ ನೋಡಿದರು. ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ‘ಕಪ್ಪಿ ಗಂಟಲ ಮಿಡಿದಂಗ ಮಿಡೀತೈತ್ರಿ. ನಮ್ಮ ಮಗಳಿಗೂ ಕಾಣತೈತಿ.’ ಆಮೇಲೆ ಬಹಳ ಮೂತ್ರ ಬರುತ್ತದೆಯೇ ಎಂದೆ. ತಲೆ ತಗ್ಗಿಸಿ ಹೌದೆಂದರು.

ರೋಗ ಅಲ್ಲಿಗೇ ಮುಕ್ಕಾಲು ಪಾಲು ಗೊತ್ತಾಗಿತ್ತು. ಹೃದಯದ ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ವಿದ್ಯುತ್ ಸಂಜ್ಞೆ ಇಳಿಯುವುದು ಒಂದೇ ದಾರಿಯಲ್ಲಿ, ಎವಿ ನೋಡ್ ಎಂಬ ಗಂಟಿನ ಮೂಲಕ. ಕೆಲವರಿಗೆ ಆ ಗಂಟಿನಲ್ಲೇ ಎರಡು ದಾರಿಗಳಿರುತ್ತವೆ, ಒಂದು ಬೇಗದ್ದು, ಒಂದು ನಿಧಾನದ್ದು. ಒಂದು ಹೊತ್ತು ತಪ್ಪಿದ ಬಡಿತ ಬಂದರೆ ಸಂಜ್ಞೆ ನಿಧಾನದ ದಾರಿಯಲ್ಲಿ ಇಳಿದು ಬೇಗದ ದಾರಿಯಲ್ಲಿ ಮೇಲೇರಿ, ಗಾಣದೆತ್ತಿನಂತೆ ಸುತ್ತತೊಡಗುತ್ತದೆ. ಪ್ರತಿ ಸುತ್ತಿಗೂ ಒಂದು ಬಡಿತ. ಇದು ಎಸ್‌ವಿಟಿಯ (ಕೆಳಗಿನ ಕೋಣೆಗಳ ಮೇಲ್ಭಾಗದಲ್ಲಿ ಹುಟ್ಟುವ ವೇಗದ ಬಡಿತದ) ಒಂದು ಬಗೆ, ಹೆಣ್ಣುಮಕ್ಕಳಲ್ಲಿ ಹೆಚ್ಚು. ಮೇಲಿನ ಕೋಣೆ, ಕೆಳಗಿನ ಕೋಣೆ ಎರಡೂ ಏಕಕಾಲಕ್ಕೆ ಹಿಂಡುವುದರಿಂದ ಮೇಲಿನ ಕೋಣೆಯ ರಕ್ತ ಮುಚ್ಚಿದ ಬಾಗಿಲಿಗೆ ಬಡಿದು ಕುತ್ತಿಗೆಗೆ ಚಿಮ್ಮುತ್ತದೆ. ಕಪ್ಪೆಯ ಗಂಟಲಿನ ಮಿಡಿತ ಅದೇ. ಕೋಣೆ ಹಿಗ್ಗಿದಾಗ ಒಸರುವ ಹಾರ್ಮೋನು ಮೂತ್ರ ಹೆಚ್ಚಿಸುತ್ತದೆ.

ಹೊಲದಲ್ಲಿ ಓಡಿ ಬಂದ ಹೃದಯ, ಜ್ವರದ ಹೃದಯ, ಅಂಜಿದ ಹೃದಯ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ. ಬಟನ್ ಒತ್ತಿದಂತೆ ಶುರುವಾಗಿ ಬಟನ್ ತೆಗೆದಂತೆ ನಿಲ್ಲುವುದು ವಿದ್ಯುತ್ತಿನ ತಂಟೆ. ಯಾವ ಯಂತ್ರವೂ ಇಲ್ಲದ ಉಪಕೇಂದ್ರದಲ್ಲಿ ಕೂತು ಇಷ್ಟನ್ನು ಕೇಳಿ ತಿಳಿಯಬಹುದು.

2. ನಾಡಿಯನ್ನು ಪೂರ್ತಿ ಒಂದು ನಿಮಿಷ ಹಿಡಿಯಿರಿ

ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ಎಲ್ಲರ ರೂಢಿ. ಲಯ ಸರಿಯಿದ್ದರೆ ತೊಂದರೆ ಇಲ್ಲ. ಲಯ ತಪ್ಪಿದ್ದರೆ ಆ ಲೆಕ್ಕ ಸುಳ್ಳಾಗುತ್ತದೆ. ಒಂದು ನಿಮಿಷ ಹಿಡಿದರೆ ಎರಡು ವಿಷಯ ತಿಳಿಯುತ್ತವೆ. ಎಷ್ಟು ಎಂಬುದು ಒಂದು, ಸಮನಾಗಿದೆಯೋ ಇಲ್ಲವೋ ಎಂಬುದು ಇನ್ನೊಂದು. ಆಮೇಲೆ ಸ್ಟೆತಸ್ಕೋಪ್ ಎದೆಗಿಟ್ಟು ಇನ್ನೊಂದು ನಿಮಿಷ ಎಣಿಸಿ. ಎದೆಯಲ್ಲಿ 140, ಮಣಿಕಟ್ಟಿನಲ್ಲಿ 98 ಸಿಕ್ಕರೆ ಹಲವು ಬಡಿತಗಳು ಕೈತನಕ ಬರುತ್ತಲೇ ಇಲ್ಲ ಎಂದರ್ಥ. ಮೇಲಿನ ಕೋಣೆ ಲಯವಿಲ್ಲದೆ ನಡುಗುವ ಏಟ್ರಿಯಲ್ ಫಿಬ್ರಿಲೇಷನ್‌ನಲ್ಲಿ ಹೀಗಾಗುತ್ತದೆ.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೊರೊನಾ ಕಾಲದಿಂದ ಮನೆಮನೆಗೂ ಬಂದಿದೆ. ಕೈ ತಣ್ಣಗಿದ್ದರೆ, ಲಯ ತಪ್ಪಿದ್ದರೆ ಅದು ತೋರಿಸುವ ನಾಡಿಯ ಅಂಕಿಯನ್ನು ನಂಬಬಾರದು. ಬಟನ್ ಒತ್ತುವ ಬಿಪಿ ಮಿಷಿನ್ನಿನದೂ ಇದೇ ಕಥೆ.

3. ಔಷಧಕ್ಕಿಂತ ಮೊದಲು ಕಾಗದ

ಇದು ನನ್ನ ಕೈಯಿಂದ ಆದ ತಪ್ಪು. ನೆನೆದರೆ ಈಗಲೂ ಮನಸ್ಸು ಕಸಿವಿಸಿಗೊಳ್ಳುತ್ತದೆ.

ಕಡಲೆ ರಾಶಿಯ ದಿನಗಳು. ರಾತ್ರಿ ಒಂಬತ್ತರ ಸುಮಾರಿಗೆ ಒಬ್ಬ ರೈತರನ್ನು ಟಂಟಂನಲ್ಲಿ ಕರೆತಂದರು. ಮೈಯೆಲ್ಲ ಬೆವರು, ಎದೆಬಡಿತ 190ರ ಮೇಲೆ, ಬಿಪಿ ಸರಿಯಾಗಿತ್ತು. ಇಸಿಜಿ ಯಂತ್ರ ಪಕ್ಕದ ಕೋಣೆಯಲ್ಲಿತ್ತು, ರೋಲ್ ಮುಗಿದಿತ್ತು, ಹೊಸದನ್ನು ಹಾಕಲು ಐದು ನಿಮಿಷ ಬೇಕಿತ್ತು. ಮನೆಯವರು ಅಳುತ್ತಿದ್ದರು. ನಾನು ಇಂಜೆಕ್ಷನ್ ಕೊಟ್ಟುಬಿಟ್ಟೆ. ಓಟ ನಿಂತು ಬಡಿತ 84ಕ್ಕೆ ಬಂತು. ಎಲ್ಲರೂ ಕೈಮುಗಿದರು.

ಮರುವಾರ ದೊಡ್ಡೂರಿನ ತಜ್ಞರ ಬಳಿ ಕಳಿಸಿದೆ. ಅವರು ಇಸಿಜಿ ತೆಗೆದರು, ಸರಿ ಇತ್ತು. ಎಕೋ ಮಾಡಿದರು, ಸರಿ ಇತ್ತು. ‘ಬಡಿತ ಜೋರಾಗಿದ್ದಾಗಿನ ಇಸಿಜಿ ಇದೆಯೇ?’ ಎಂದು ಕೇಳಿದರು. ಇರಲಿಲ್ಲ. ಅವರು ಕೇಳಿದ್ದು ನ್ಯಾಯವಾಗಿತ್ತು, ನಾನು ಕೊಟ್ಟಿರಲಿಲ್ಲ. ಆ ರೈತರು ಇನ್ನೂ ಒಂದೂವರೆ ವರ್ಷ ಅದೇ ಭಯದಲ್ಲಿ ಒಬ್ಬರೇ ಹೊಲಕ್ಕೆ ಹೋಗಲಿಲ್ಲ. ಮತ್ತೊಮ್ಮೆ ಬಂದಾಗ ಹನ್ನೆರಡು ಲೀಡಿನ ಪೂರ್ತಿ ಇಸಿಜಿ ತೆಗೆದೆ. ಆ ಒಂದು ಕಾಗದ ನೋಡಿ ತಜ್ಞರು ಎರಡು ನಿಮಿಷದಲ್ಲಿ ರೋಗದ ಹೆಸರು ಹೇಳಿದರು.

ಅಂದಿನಿಂದ ರೋಲು ಮುಗಿಯಲು ಬಿಟ್ಟಿಲ್ಲ. ರೋಗಿಗೆ ಪ್ರಜ್ಞೆಯಿದ್ದು ಬಿಪಿ ಸರಿಯಿದ್ದರೆ ಮೊದಲು ಇಸಿಜಿ, ಆಮೇಲೆ ಸೂಜಿ. ಔಷಧ ಏರುವಾಗಲೂ ಎರಡನೇ ಲೀಡಿನ ಪಟ್ಟಿ ನಿಲ್ಲಿಸದೆ ಓಡುತ್ತಿರಬೇಕು. ಬಡಿತ ಹೇಗೆ ಮುರಿಯಿತು ಎಂಬುದರಲ್ಲೇ ಎಷ್ಟೋ ಸಲ ಉತ್ತರ ಇರುತ್ತದೆ. ನಿಂತ ಮೇಲೆ ಇನ್ನೊಂದು ಇಸಿಜಿ.

ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ. ದೊಡ್ಡ ಚೌಕ ಒಂದಕ್ಕೆ 0.2 ಸೆಕೆಂಡು. ಎರಡು ಎತ್ತರದ ಅಲೆಗಳ ನಡುವೆ ಎಷ್ಟು ದೊಡ್ಡ ಚೌಕ ಎಂದು ಎಣಿಸಿ, 300ನ್ನು ಅದರಿಂದ ಭಾಗಿಸಿ. ಎರಡು ಚೌಕ ಇದ್ದರೆ 150, ಒಂದೂವರೆ ಇದ್ದರೆ 200. ಲಯ ತಪ್ಪಿದ್ದರೆ ಮೂವತ್ತು ದೊಡ್ಡ ಚೌಕದಲ್ಲಿ ಎಷ್ಟು ಬಡಿತ ಎಂದು ಎಣಿಸಿ ಹತ್ತರಿಂದ ಗುಣಿಸಿ. ಯಂತ್ರ ತಲೆಬರಹದಲ್ಲಿ ಅಚ್ಚು ಹಾಕುವ ರೋಗನಿರ್ಣಯವನ್ನು ಮುಚ್ಚಿಕೊಂಡು ಓದುವ ಅಭ್ಯಾಸ ಮಾಡಿ. ಅಲುಗಾಡದೆ 150ರಲ್ಲೇ ನಿಂತ ಬಡಿತಕ್ಕೆ ಯಂತ್ರ ‘ಸೈನಸ್ ಟ್ಯಾಕಿಕಾರ್ಡಿಯಾ’ ಎಂದು ಬರೆದಿರುತ್ತದೆ. ಅದು ಏಟ್ರಿಯಲ್ ಫ್ಲಟರ್ ಇರಬಹುದು. ಮೇಲಿನ ಕೋಣೆ 300 ಸಲ ಬಡಿದು, ಎರಡಕ್ಕೊಂದು ಕೆಳಗಿಳಿದರೆ ಸರಿಯಾಗಿ 150 ಆಗುತ್ತದೆ.

4. ಎಷ್ಟೋ ಸಲ ತಪ್ಪು ಹೃದಯದ್ದಲ್ಲ

ವೇಗದ ಬಡಿತ ಹೊತ್ತು ಬರುವವರಲ್ಲಿ ಹೆಚ್ಚಿನವರ ಹೃದಯ ತನ್ನ ಕೆಲಸ ತಾನು ಸರಿಯಾಗಿಯೇ ಮಾಡುತ್ತಿರುತ್ತದೆ. ಬೇರೆ ಯಾವುದೋ ಅದನ್ನು ಓಡಿಸುತ್ತಿರುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಎರಿ ಹೊಲದಲ್ಲಿ ದುಡಿದು, ನೀರು ಕಡಿಮೆ ಕುಡಿದು ಬಂದವರಿಗೆ 130 ಇದ್ದರೆ ಬೇಕಾದದ್ದು ನೀರು, ಉಪ್ಪು, ನೆರಳು. ಬಡಿತ ತಗ್ಗಿಸುವ ಗುಳಿಗೆ ಕೊಟ್ಟರೆ ಬಿಪಿ ಕುಸಿಯುತ್ತದೆ.

ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ. ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಹಿಮೋಗ್ಲೋಬಿನ್ ಐದಕ್ಕೆ ಇಳಿದವರು ಮೆಟ್ಟಿಲು ಹತ್ತಿದರೆ ಎದೆ ಹಾರದೆ ಇನ್ನೇನು? ಮುಟ್ಟಿನಲ್ಲಿ ಎಷ್ಟು ಹೋಗುತ್ತದೆ ಎಂದು ಗಂಡಸು ವೈದ್ಯರು ಕೇಳಲು ಸಂಕೋಚಪಡುತ್ತಾರೆ. ಕೇಳಲೇಬೇಕು, ಇಲ್ಲವೇ ನರ್ಸ್ ಕಡೆಯಿಂದ ಕೇಳಿಸಬೇಕು.

ಕೈ ಚಾಚಿಸಿ, ಬೆರಳ ಮೇಲೆ ಒಂದು ಹಾಳೆ ಇಡಿ. ಹಾಳೆ ನಡುಗಿದರೆ, ಚೆನ್ನಾಗಿ ಉಂಡರೂ ತೂಕ ಇಳಿಯುತ್ತಿದ್ದರೆ ಥೈರಾಯ್ಡ್ ನೋಡಿಸಿ. ವಯಸ್ಸಾದವರಲ್ಲಿ ಇದು ಇನ್ನೂ ಮೋಸ ಮಾಡುತ್ತದೆ. ನಡುಕವಿಲ್ಲ, ಬೆವರಿಲ್ಲ, ಲಯ ತಪ್ಪಿದ ಬಡಿತವೊಂದೇ ಥೈರಾಯ್ಡಿನ ಸುಳಿವಾಗಿರುತ್ತದೆ.

ಗ್ರಾನೈಟ್ ಕ್ವಾರಿಯಲ್ಲಿ ಬಹುಕಾಲ ದುಡಿದ, ದಮ್ಮು ಇದ್ದ ಹಿರಿಯರೊಬ್ಬರು ಬಡಿತ 140, ವಾಂತಿ, ಕೈನಡುಕ ಎಂದು ಬಂದರು. ‘ಎಲ್ಲಾ ಗುಳಿಗಿ ಚೀಲ ತಗೊಂಡ್ ಬರ್ರಿ’ ಎಂದು ಮಗನನ್ನು ಮನೆಗೆ ಅಟ್ಟಿದೆ. ಮೇಜಿನ ಮೇಲೆ ಸುರಿದಾಗ ಎರಡು ಬೇರೆ ಹೆಸರಿನ ಸ್ಟ್ರಿಪ್ಪುಗಳು ಸಿಕ್ಕವು. ಇಬ್ಬರು ಬೇರೆ ವೈದ್ಯರು ಬರೆದವು. ಎರಡರಲ್ಲೂ ಇದ್ದದ್ದು ಥಿಯೋಫಿಲಿನ್. ಅದರ ಜೊತೆ ಕೆಮ್ಮಿಗೆಂದು ಯಾರೋ ಕೊಟ್ಟ ಸಿಪ್ರೊಫ್ಲಾಕ್ಸಾಸಿನ್. ಈ ಆಂಟಿಬಯಾಟಿಕ್ ಥಿಯೋಫಿಲಿನ್ ದೇಹದಿಂದ ಹೊರಹೋಗದಂತೆ ತಡೆಯುತ್ತದೆ. ಎರಡು ಪಾಲು ನುಂಗಿ, ಬಾಗಿಲೂ ಮುಚ್ಚಿದಂತಾಗಿತ್ತು. ಆ ಹೃದಯಕ್ಕೆ ಬೇರೆ ಮದ್ದು ಬೇಕಿರಲಿಲ್ಲ, ಗುಳಿಗೆ ನಿಲ್ಲಿಸಿ ಕಣ್ಣಿಟ್ಟು ಕಾಯುವುದು ಬೇಕಿತ್ತು. ಅಂದಿನಿಂದ ಗುಳಿಗೆ ಚೀಲ ನೋಡದೆ ಯಾರಿಗೂ ಹೃದಯದ ಔಷಧ ಬರೆದಿಲ್ಲ.

ಮರೆಯಬಾರದ ಇನ್ನೂ ಇಬ್ಬರಿದ್ದಾರೆ. ಕಾಲಿಗೆ ಪ್ಲಾಸ್ಟರ್ ಹಾಕಿಕೊಂಡು ವಾರಗಟ್ಟಲೆ ಮಲಗಿದವರು ಒಮ್ಮೆಲೆ ಏದುಸಿರು, ವೇಗದ ಬಡಿತ ಎಂದರೆ, ಕಾಲಿನ ರಕ್ತ ಹೆಪ್ಪುಗಟ್ಟಿ ಪುಪ್ಪುಸಕ್ಕೆ ಹೋಗಿರಬಹುದು. ಬಾಣಂತಿಗೆ ಮಲಗಿದಲ್ಲೂ ಬಡಿತ 110, ದಿಂಬಿಲ್ಲದೆ ಮಲಗಲಾರಳು, ಕಾಲು ಬಾವು ಎಂದರೆ ‘ಬಾಣಂತಿ ನಿಶ್ಶಕ್ತಿ’ ಎಂದು ಟಾನಿಕ್ ಕೊಟ್ಟು ಕಳಿಸಬೇಡಿ. ಬಸಿರಿನ ಕೊನೆಯ ತಿಂಗಳಿನಿಂದ ಹೆರಿಗೆಯಾದ ಐದು ತಿಂಗಳವರೆಗೆ ಹೃದಯದ ಸ್ನಾಯುವೇ ಸೋಲುವ ರೋಗವೊಂದಿದೆ. ಅವತ್ತೇ ಎಕೋ ಆಗಬೇಕು.

5. ಚೇಳು ಕಡಿದದ್ದನ್ನು ಕೇಳಿ

ಪಟ್ಟಣದ ದವಾಖಾನೆಗಳಲ್ಲಿ ಈ ಪಾಠ ಅಷ್ಟಾಗಿ ಸಿಗುವುದಿಲ್ಲ. ನಮ್ಮ ಕಡೆ ಕಲ್ಲುಬಂಡೆಗಳು, ಹೊಟ್ಟಿನ ಬಣವೆ, ಒಟ್ಟಿದ ಕಟ್ಟಿಗೆ, ಎಲ್ಲೆಡೆ ಕೆಂಪು ಚೇಳು. ಅದರ ವಿಷ ದೇಹದಲ್ಲಿರುವ ಅಡ್ರಿನಲಿನ್ ಜಾತಿಯ ರಸಗಳನ್ನು ಒಮ್ಮೆಲೆ ಹೊರಚೆಲ್ಲಿಸುತ್ತದೆ. ವಾಂತಿ, ತೊಟ್ಟಿಕ್ಕುವ ಬೆವರು, ತಣ್ಣಗಾದ ಕೈಕಾಲು, ಓಡುವ ಹೃದಯ, ಮೊದಲು ಏರುವ ಬಿಪಿ, ಆಮೇಲೆ ಪುಪ್ಪುಸದಲ್ಲಿ ನೀರು. ಸಣ್ಣ ಮಕ್ಕಳು ಎಲ್ಲಿ ಕಡಿಯಿತು ಎಂದು ಹೇಳಲಾರರು. ರಾತ್ರಿ ಒಮ್ಮೆಲೆ ಚೀರಿ ಎದ್ದು, ಬೆವತು, ಎದೆ ಬಡಿದುಕೊಳ್ಳುವ ಮಗು ಬಂದರೆ ಹಾಸಿಗೆ ಕೊಡವಿ ನೋಡಿ ಎಂದು ಮನೆಗೆ ಫೋನ್ ಮಾಡಿಸಿ.

ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಮಹಾಡದಂಥ ಸಣ್ಣ ಊರಿನಲ್ಲಿ ಕೂತು ಡಾ. ಹಿಮ್ಮತರಾವ್ ಬಾವಸ್ಕರ್ ಅವರು 1980ರ ದಶಕದಲ್ಲಿ ಈ ಚೇಳಿನ ವಿಷಕ್ಕೆ ಪ್ರಜೋಸಿನ್ ಎಂಬ ಅಗ್ಗದ ಗುಳಿಗೆಯನ್ನು ಬಳಸಿ, ಲೆಕ್ಕ ಇಟ್ಟು, ಲ್ಯಾನ್ಸೆಟ್‌ನಲ್ಲಿ ಬರೆದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನನ್ನಂಥ ತಾಲ್ಲೂಕು ಮಟ್ಟದ ವೈದ್ಯರಿಗೆ ಅವರ ಮೇಲಿರುವ ಗೌರವ ಅಷ್ಟಿಷ್ಟಲ್ಲ. ರೋಗಿಯನ್ನು ಪಕ್ಕದಲ್ಲಿ ಕೂತು ನೋಡಿ ಬರೆದ ವಿದ್ಯೆ ಅದು. ಚೇಳು ಕಡಿದವರಿಗೆ ವೇಗ ತಗ್ಗಿಸಲೆಂದು ಬೀಟಾ ಬ್ಲಾಕರ್ ಕೊಡಬಾರದು, ಅಟ್ರೋಪಿನ್ ಕೊಡಬಾರದು.

6. ಲಯವೇ ಇಲ್ಲದ ನಾಡಿ

ಬೆರಳಿಗೆ ಒಂದು ಬಡಿತ ದೊಡ್ಡದು, ಒಂದು ಸಣ್ಣದು, ನಡುವಿನ ಅಂತರಕ್ಕೆ ಯಾವ ಲೆಕ್ಕವೂ ಇಲ್ಲ. ಕಾಗದದಲ್ಲಿ, ಮೇಲಿನ ಕೋಣೆಯ ಬಡಿತ ತೋರಿಸುವ ಪಿ ಅಲೆ ಇಲ್ಲ. ಇದು ಏಟ್ರಿಯಲ್ ಫಿಬ್ರಿಲೇಷನ್. ಮುಂದುವರಿದ ದೇಶಗಳಲ್ಲಿ ಇದು ಮುಖ್ಯವಾಗಿ ಮುದುಕರ ರೋಗ. ನಮ್ಮಲ್ಲಿ ಮೂವತ್ತು, ನಲವತ್ತರ ಹೆಣ್ಣುಮಕ್ಕಳಲ್ಲೂ ಸಿಗುತ್ತದೆ. ಸಣ್ಣಂದಿನಲ್ಲಿ ಗಂಟಲು ನೋವು, ಕೀಲು ಬಾವು ಬಂದು ಹೋದದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ಆ ರುಮ್ಯಾಟಿಕ್ ಜ್ವರ ಹೃದಯದ ಮೈಟ್ರಲ್ ಕವಾಟವನ್ನು ಮೆಲ್ಲಗೆ ಬಿಗಿಯುತ್ತ ಬಂದಿರುತ್ತದೆ. ಮೊದಲ ಬಸಿರಿನಲ್ಲಿ ರಕ್ತದ ಹರಿವು ಹೆಚ್ಚಾದಾಗ ಏದುಸಿರು, ಎದೆ ಹಾರುವುದು ಶುರು.

ಇಲ್ಲಿ ವೇಗಕ್ಕಿಂತ ದೊಡ್ಡ ಅಪಾಯ ಪಾರ್ಶ್ವವಾಯು. ನಡುಗುವ ಮೇಲಿನ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗುತ್ತದೆ. ಕವಾಟ ಬಿಗಿದವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹಳೆಯ ವಾರ್ಫರಿನ್ ಜಾತಿಯ ಗುಳಿಗೆಯೇ ಮೇಲು. ಹೊಸ ಗುಳಿಗೆಗಳಲ್ಲೊಂದಾದ ರಿವರಾಕ್ಸಬಾನ್ ಅದಕ್ಕೆ ಸಾಟಿಯಾಗಲಿಲ್ಲ ಎಂದು 2022ರಲ್ಲಿ ಪ್ರಕಟವಾದ ಇನ್‌ವಿಕ್ಟಸ್ ಅಧ್ಯಯನ ತೋರಿಸಿತು. ಐಎನ್‌ಆರ್ ಎಂಬ, ರಕ್ತ ಹೆಪ್ಪುಗಟ್ಟುವ ಹೊತ್ತು ಅಳೆಯುವ ಪರೀಕ್ಷೆಗೆ ಪದೇ ಪದೇ ಹೋಗಬೇಕು, ಬಸ್ ಚಾರ್ಜು, ಕೂಲಿ ನಷ್ಟ, ಎಲ್ಲ ಗೊತ್ತು. ಆದರೂ ಗುಳಿಗೆ ಬಿಟ್ಟು ಒಂದು ಕೈಕಾಲು ಕಳೆದುಕೊಂಡವರನ್ನು ಕಂಡ ಮೇಲೆ ನಾನು ಈ ವಿಷಯದಲ್ಲಿ ಹಟ ಬಿಡುವುದಿಲ್ಲ. ಮಕ್ಕಳಿಗೆ ಒಮ್ಮೆ ರುಮ್ಯಾಟಿಕ್ ಜ್ವರ ಎಂದು ಗೊತ್ತಾದರೆ, ಮೂರು ವಾರಕ್ಕೊಂದು ಬೆಂಜಥೀನ್ ಪೆನ್ಸಿಲಿನ್ ಸೂಜಿ ತಪ್ಪಿಸಬಾರದು. ನೋಯುವ ಸೂಜಿ ಅದು, ಮಗು ಅಳುತ್ತದೆ. ಕವಾಟ ಉಳಿಯುತ್ತದೆ.

7. ಅಲೆ ಅಗಲವಾಗಿದ್ದರೆ ಧೈರ್ಯ ತೋರಬೇಡಿ

ಕ್ಯೂಆರ್‌ಎಸ್ ಅಲೆ (ಕೆಳಗಿನ ಕೋಣೆಯ ಬಡಿತ ತೋರಿಸುವ ಎತ್ತರದ ಅಲೆ) ಮೂರು ಸಣ್ಣ ಚೌಕಕ್ಕಿಂತ ಅಗಲವಿದ್ದು ಬಡಿತ ವೇಗವಾಗಿದ್ದರೆ, ಬೇರೆ ಎಂದು ಸಾಬೀತಾಗುವವರೆಗೆ ಅದು ಕೆಳಗಿನ ಕೋಣೆಯಿಂದ ಎದ್ದ ವಿಟಿ ಎಂದೇ ತಿಳಿಯಿರಿ. ಹಿಂದೆ ಹೃದಯಾಘಾತ ಆದವರಾದರೆ ಅನುಮಾನವೇ ಬೇಡ. ರೋಗಿ ಕೂತು ಮಾತಾಡುತ್ತಿದ್ದಾರೆ, ಹಾಗಾಗಿ ವಿಟಿ ಅಲ್ಲ ಎನ್ನುವುದು ಪ್ರಾಣ ತೆಗೆಯುವ ತಪ್ಪು ತರ್ಕ. ಅಂಥವರಿಗೆ ವೆರಪಮಿಲ್ ಕೊಟ್ಟರೆ ಬಿಪಿ ಬಿದ್ದು ಹೃದಯ ನಿಲ್ಲಬಹುದು. ಪ್ರಜ್ಞೆ ತಪ್ಪಿದರೆ, ಬಿಪಿ ಕುಸಿದರೆ, ಎದೆನೋವು ಬಂದರೆ ರೋಗದ ಹೆಸರು ಹುಡುಕುತ್ತ ಕೂರುವ ಹೊತ್ತಲ್ಲ, ವಿದ್ಯುತ್ ಶಾಕ್ ಕೊಡುವ ಹೊತ್ತು.

ವೇಗದ ಬಡಿತ ನಿಂತ ಮೇಲಿನ ಇಸಿಜಿಯಲ್ಲೂ ಒಂದು ಗುರುತು ಹುಡುಕಿ. ಪಿ ಅಲೆಗೂ ಕ್ಯೂಆರ್‌ಎಸ್‌ಗೂ ನಡುವಿನ ಅಂತರ ಕಿರಿದಾಗಿ, ಅಲೆಯ ಬುಡ ಇಳಿಜಾರಾಗಿ ಏರಿದ್ದರೆ ಅದು ಡೆಲ್ಟಾ. ಹುಟ್ಟಿನಿಂದಲೇ ಹೃದಯದಲ್ಲಿ ಒಂದು ಕಳ್ಳದಾರಿ ಇದೆ ಎಂದರ್ಥ. ವುಲ್ಫ್, ಪಾರ್ಕಿನ್ಸನ್, ವೈಟ್ ಎಂಬ ಮೂವರು ವೈದ್ಯರು 1930ರಲ್ಲಿ ಇದನ್ನು ಬರೆದರು. ಇಂಥವರಿಗೆ ಲಯ ತಪ್ಪಿದ, ಅಗಲ ಅಲೆಯ, ಅತಿವೇಗದ ಬಡಿತ ಬಂದರೆ ಅಡಿನೋಸಿನ್ ಆಗಲಿ ವೆರಪಮಿಲ್ ಆಗಲಿ ಮುಟ್ಟಬೇಡಿ.

8. ಹತ್ತು ಎಂಎಲ್ ಸಿರಿಂಜು

ಅಲೆ ಕಿರಿದು, ಲಯ ಸಮ, ಬಿಪಿ ಸರಿ, ಇಸಿಜಿ ತೆಗೆದಾಯಿತು. ಆಗ ಮೊದಲ ಮದ್ದು ಖಾಲಿ ಸಿರಿಂಜು. ರೋಗಿಯನ್ನು ಅರೆ ಒರಗಿಸಿ ಕೂರಿಸಿ, 10 ಎಂಎಲ್ ಸಿರಿಂಜಿನ ಬಾಯಿಗೆ ತುಟಿ ಕೊಟ್ಟು ಒಳಗಿನ ಪಿಸ್ಟನ್ ಅಲುಗುವಷ್ಟು ಜೋರಾಗಿ 15 ಸೆಕೆಂಡು ಊದಿಸಿ. ಊದು ಬಿಟ್ಟ ಕೂಡಲೇ ಅಂಗಾತ ಮಲಗಿಸಿ ಎರಡೂ ಕಾಲನ್ನು 45 ಡಿಗ್ರಿ ಎತ್ತಿ ಇನ್ನೂ 15 ಸೆಕೆಂಡು ಹಿಡಿಯಿರಿ. ಇಂಗ್ಲೆಂಡಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ರಿವರ್ಟ್ ಅಧ್ಯಯನದಲ್ಲಿ ಹೀಗೆ ಮಾಡಿದಾಗ ನೂರರಲ್ಲಿ 43 ಮಂದಿಗೆ ವೇಗದ ಬಡಿತ ನಿಂತಿತು. ಕಾಲೆತ್ತದ ಹಳೆಯ ಕ್ರಮದಲ್ಲಿ ನಿಂತದ್ದು 17 ಮಂದಿಗೆ. ನೆರವಿಗೆ ರೋಗಿಯ ಮಗನೋ ಗಂಡನೋ ಇದ್ದೇ ಇರುತ್ತಾರೆ, ಕಾಲೆತ್ತಲು ಮೊದಲೇ ಹೇಳಿಕೊಟ್ಟು ನಿಲ್ಲಿಸಿಕೊಳ್ಳಿ. ಕಣ್ಣುಗುಡ್ಡೆ ಒತ್ತುವ ಹಳೆಯ ಪದ್ಧತಿ ಬೇಡವೇ ಬೇಡ, ಕಣ್ಣು ಹೋಗಬಹುದು.

ಇದಕ್ಕೆ ಬಗ್ಗದಿದ್ದರೆ ಅಡಿನೋಸಿನ್ 6 ಮಿಲಿಗ್ರಾಂ, ಆಮೇಲೆ 12. ದಮ್ಮಿನವರಿಗೆ ಕೊಡಬಾರದು. ಅದರ ಆಯುಸ್ಸು ಕೆಲವೇ ಸೆಕೆಂಡು, ಹಾಗಾಗಿ ಮೊಣಕೈ ಹತ್ತಿರದ ದೊಡ್ಡ ರಕ್ತನಾಳಕ್ಕೆ ಒಮ್ಮೆಲೆ ತಳ್ಳಿ, ಹಿಂದೆಯೇ ಸಲೈನು ತಳ್ಳಬೇಕು. ಕೊಡುವ ಮೊದಲು ಕೈ ಹಿಡಿದು ಹೇಳಿ: ‘ಹತ್ತ ಸೆಕೆಂಡ್ ಜೀವ ಹೋದಂಗ ಅನಸ್ತೈತಿ, ಅಂಜಬ್ಯಾಡ್ರಿ, ನಾ ಇಲ್ಲೇ ಅದೀನಿ.’ ಹೇಳದೆ ಕೊಟ್ಟರೆ ಆ ಹತ್ತು ಸೆಕೆಂಡನ್ನು ಅವರು ಜೀವಮಾನವಿಡೀ ಮರೆಯುವುದಿಲ್ಲ.

9. ‘ಟೆನ್ಷನ್’ ಎಂಬುದು ಕೊನೆಯ ಚೀಟಿ

ಮನಸ್ಸಿನ ಆತಂಕದಿಂದ ಎದೆ ಹಾರುವುದು ನಿಜ. ಅದೂ ರೋಗವೇ, ಅದಕ್ಕೂ ಚಿಕಿತ್ಸೆ ಇದೆ. ನಾನು ಹೇಳುವುದು, ಕಾಗದ ಸಿಗದ ಕಾರಣಕ್ಕೆ ಹಣೆಗೆ ಹಚ್ಚುವ ಟೆನ್ಷನ್ನಿನ ಬಗ್ಗೆ. 1997ರಲ್ಲಿ ಅಮೆರಿಕದ ವೈದ್ಯರು ಎಸ್‌ವಿಟಿ ಖಚಿತವಾದ 107 ಮಂದಿಯ ಹಿಂದಿನ ಕಥೆ ಕೆದಕಿ ನೋಡಿದರು. ಮೂವರಲ್ಲಿ ಇಬ್ಬರ ಲಕ್ಷಣಗಳು ‘ಪ್ಯಾನಿಕ್’ ರೋಗದ ಪಟ್ಟಿಗೆ ಪಕ್ಕಾ ಹೊಂದುತ್ತಿದ್ದವು. ಹೊಂದದೆ ಇರುತ್ತದೆಯೇ? ಕಾರಣವಿಲ್ಲದೆ ಹೃದಯ 180 ಬಡಿದರೆ ಯಾರಿಗಾದರೂ ಸಾವಿನ ಭಯ ಬರುತ್ತದೆ. ಭಯದಿಂದ ಬಡಿತವೋ, ಬಡಿತದಿಂದ ಭಯವೋ ಎಂಬುದನ್ನು ಶುರುವಿನ ಕ್ಷಣದ ಪ್ರಶ್ನೆಯೇ ಬಿಡಿಸುತ್ತದೆ. ಆ ನೇಕಾರ ಹೆಣ್ಣುಮಗಳಿಗೆ ಆರು ವರ್ಷ ಮನೆಯಲ್ಲೂ ಹೊರಗೂ ‘ಸುಮ್ಮ ನಾಟಕ’ ಎಂಬ ಮಾತು ಕೇಳಬೇಕಾಗಿ ಬಂದಿತ್ತು. ಅದರಲ್ಲಿ ನಮ್ಮ ವೃತ್ತಿಯ ಪಾಲೂ ಇದೆ.

10. ಸಿಗದ ಬಡಿತವನ್ನು ಹಿಡಿಯುವುದು

2025ರ ಜೂನ್–ಜುಲೈನಲ್ಲಿ ಹಾಸನದಲ್ಲಿ ಹೃದಯಾಘಾತದಿಂದ ಸತ್ತವರ ಸುದ್ದಿಗಳು ಒಂದರ ಮೇಲೊಂದು ಬಂದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. ನಮ್ಮ ಕಡೆಯೂ ‘ಒಂದ್ ಇಸಿಜಿ ತಗೀರಿ’ ಎಂದು ಬಂದವರು ಬಹಳ. ನೆಮ್ಮದಿಯಾಗಿ ಕೂತ ದಿನದ ಇಸಿಜಿ, ಬಂದುಹೋಗುವ ಬಡಿತದ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ ಎಂದು ಅವರಲ್ಲಿ ಕೆಲವರಿಗೆ ಬಿಡಿಸಿ ಹೇಳಬೇಕಾಯಿತು. ಕಳ್ಳ ಬಂದು ಹೋದ ಮೇಲೆ ಮನೆಯ ಫೋಟೋ ತೆಗೆದಂತೆ ಅದು.

ದಿನಾ ಬರುವ ಬಡಿತಕ್ಕೆ 24 ಗಂಟೆ ಮೈಮೇಲಿದ್ದು ಇಸಿಜಿ ಬರೆಯುವ ಹೋಲ್ಟರ್ ಸಾಕು. ಎರಡು ತಿಂಗಳಿಗೊಮ್ಮೆ ಬರುವುದಕ್ಕೆ ಅದೇ ಹೋಲ್ಟರ್ ಹಾಕಿಸಿ, ‘ನಾರ್ಮಲ್’ ಎಂದು ಬರೆಸಿಕೊಂಡು ಬರುವುದು ದುಡ್ಡು ದಂಡ. ಅಂಥವರಿಗೆ ನಾನು ಹೇಳುವುದು ಇಷ್ಟೇ. ಬಡಿತ ಶುರುವಾದ ಕೂಡಲೇ ಹತ್ತಿರದ ಇಸಿಜಿ ಎಲ್ಲಿದೆಯೋ ಅಲ್ಲಿಗೆ ಹೋಗಿ. ರಾಮಥಾಳದವರಾದರೆ ಹುನಗುಂದದ ತಾಲ್ಲೂಕು ಆಸ್ಪತ್ರೆ. ಕಣ್ಣು ಕತ್ತಲೆ ಬಂದರೆ, ಎದೆ ನೋಯುತ್ತಿದ್ದರೆ 108ಕ್ಕೆ ಕರೆ ಮಾಡಿ, ಬೈಕಿನ ಮೇಲೆ ಹೊರಡಬೇಡಿ. ಅಲ್ಲಿ ಮೊದಲ ಮಾತು, ‘ಈಗ ಓಡಾಕತ್ತೈತಿ, ಈಗಲೇ ಇಸಿಜಿ ತಗೀರಿ.’ ಕಾದು ಕೂರುವಾಗ ಕುತ್ತಿಗೆಯ ಮಿಡಿತವನ್ನು ಮೊಬೈಲಿನಲ್ಲಿ ವಿಡಿಯೋ ಮಾಡಲು ಜೊತೆಗಿದ್ದವರಿಗೆ ಹೇಳಿ. ನನ್ನ ಬಳಿ ಬಂದ ಒಬ್ಬ ಕಾಲೇಜು ಹುಡುಗನ ರೋಗ ಪತ್ತೆಯ ದಾರಿ ತೆರೆದದ್ದು ಅವನ ಅಕ್ಕ ತೆಗೆದ ಹನ್ನೆರಡು ಸೆಕೆಂಡಿನ ವಿಡಿಯೋ.

ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡುವ ವ್ಯವಸ್ಥೆ ಬೆಳೆಯುತ್ತಿದೆ. ಅದು ಹೃದಯಾಘಾತಕ್ಕೆಂದು ಶುರುವಾದದ್ದು. ಆದರೆ ಕಾಗದ ತೆಗೆಯುವ ಅಭ್ಯಾಸ ಹಳ್ಳಿಯವರೆಗೆ ಬಂದರೆ ಬಡಿತದ ರೋಗಿಗಳಿಗೂ ಅದರ ಲಾಭ ಸಿಗುತ್ತದೆ.

ಇಸಿಜಿ ಕಾಗದದ್ದೂ ಒಂದು ಮಾತು. ಉಷ್ಣದಿಂದ ಮೂಡುವ ಅಚ್ಚು ಅದು, ಕೆಲವು ವರ್ಷದಲ್ಲಿ ಮಾಸಿಹೋಗುತ್ತದೆ. ಅವತ್ತೇ ಜೆರಾಕ್ಸ್ ಮಾಡಿಸಿ, ಮೊಬೈಲಿನಲ್ಲಿ ಫೋಟೋ ತೆಗೆದಿಡಿ.

ಆ ನೇಕಾರ ಹೆಣ್ಣುಮಗಳ ಬಡಿತ ಕೈಗೆ ಸಿಗಲು ಮತ್ತೂ ನಾಲ್ಕು ತಿಂಗಳು ಹಿಡಿಯಿತು. ಒಂದು ಮಧ್ಯಾಹ್ನ ಮಗ್ಗದಿಂದ ಎದ್ದವರೇ ಮಗಳ ಜೊತೆ ಆಟೋ ಹತ್ತಿ ಬಂದರು. ಒಳಗೆ ಬರುತ್ತಲೇ, ‘ಡಾಕ್ಟರ್ರ, ಓಡಾಕತ್ತೈತಿ, ಕಾಗದ ತಗೀರಿ’ ಎಂದರು. 184 ಇತ್ತು. ಕುತ್ತಿಗೆಯ ಮಿಡಿತ ಬಾಗಿಲಿನಿಂದಲೇ ಕಂಡಿತು. ಇಸಿಜಿ ತೆಗೆದೆವು, ಸಿರಿಂಜು ಊದಿಸಿದೆವು, ಮಗಳೇ ಕಾಲೆತ್ತಿ ಹಿಡಿದಳು, ಎರಡನೇ ಸಲಕ್ಕೆ ನಿಂತಿತು. ಬೆಂಗಳೂರಿನಲ್ಲಿ ತೊಡೆಯ ರಕ್ತನಾಳದಿಂದ ತಂತಿ ಸೇರಿಸಿ ಆ ನಿಧಾನದ ದಾರಿಯನ್ನು ಸುಟ್ಟರು. ಈ ಬಗೆಯ ರೋಗದಲ್ಲಿ ನೂರಕ್ಕೆ ತೊಂಬತ್ತೈದರ ಆಸುಪಾಸು ಮಂದಿಗೆ ಇದರಿಂದ ಶಾಶ್ವತವಾಗಿ ಗುಣವಾಗುತ್ತದೆ. ಮೂರು ದಿನದಲ್ಲಿ ಮನೆಗೆ ಬಂದರು. ಆಮೇಲೆ ಒಮ್ಮೆಯೂ ಎದೆ ಹಾರಿಲ್ಲ, ನಿದ್ದೆ ಗುಳಿಗೆ ನಿಂತಿದೆ, ಮಗ್ಗ ನಡೆದಿದೆ.

ನಿಮ್ಮ ಮನೆಯಲ್ಲಿ ಯಾರಾದರೂ ‘ಎದಿ ಹಾರಾಕತ್ತೈತಿ’ ಎಂದರೆ, ಅದು ನಿಲ್ಲುವ ಮೊದಲು ಅವರನ್ನು ಇಸಿಜಿ ಇರುವ ಕಡೆ ಕರೆದುಕೊಂಡು ಹೋಗಿ.